ಸರದಿಯ ನೀರು

ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೇ ದೊರಾಲಿಸಾಗೆ ಅನಿಸಿತು, ಬಂದವರು ಒಳ್ಳೆಯ ಸುದ್ದಿ ತಂದಿಲ್ಲ ಎಂದು. ಅವಳಿಗೆ ಯಾವ ಬಾಗಿಲು ಬಡಿದರೂ ಹಾಗೆಯೇ ಅನಿಸುತ್ತಿತ್ತು. ಗ್ಯಾಸ್ ಸಿಲಿಂಡರಿನವನು ಬಂದರೂ ಎದೆ ಒಮ್ಮೆ ಧಸಕ್ಕೆನ್ನುತ್ತಿತ್ತು. ಆದರೆ ಈ ಸಲ ಅನಿಸಿದ್ದು ಸುಳ್ಳಾಗಲಿಲ್ಲ.

ಹೊರಗೆ ನಿಂತಿದ್ದವಳು ಎರ್ಮೆಲಿಂದಾ, ಚಿಲ್ಕಪಾಟ ಪುರಸಭೆಯ ಖಜಾಂಚಿ ಅರ್ನುಲ್ಫೊ ತಾಂತನ ಹೆಂಡತಿ. ಅವಳ ಕೈಯಲ್ಲಿ ಒಂದು ಜೊತೆ ಗಂಡಸಿನ ಬೂಟುಗಳಿದ್ದವು. ಪಾಲಿಶ್ ಮಾಡಿದ ಕಪ್ಪು ಬೂಟುಗಳು, ಅಂಚಿನಲ್ಲಿ ಮಾತ್ರ ಒಣಗಿದ ಕೆಸರು.

"ಒಳಗೆ ಬನ್ನಿ," ಎಂದಳು ದೊರಾಲಿಸಾ.

"ಒಳಗೆ ಬರೋಕೆ ಬಂದಿಲ್ಲ ಟೀಚರ್. ನಿಮ್ಮನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ಇದನ್ನ ಮನೆಗೆ ಕಳಿಸಿದಾರೆ. ಬೂಟು ಮಾತ್ರ. ಮನುಷ್ಯನ್ನ ಅಲ್ಲೇ ಇಟ್ಕೊಂಡಿದಾರೆ."

"ಯಾರು?"

"ಇನ್ಯಾರು? ರೊಂಡದವರು."

ದೊರಾಲಿಸಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಪೇಟೆಯಲ್ಲಿ ಪೊಲೀಸ್ ಠಾಣೆ ಇತ್ತು, ಅದರ ಜೀಪಿಗೆ ಪೆಟ್ರೋಲ್ ಇರುತ್ತಿರಲಿಲ್ಲ. ರಸ್ತೆಯಿಂದ ಮೇಲಿನ ಹಳ್ಳಿಗಳಿಗೆಲ್ಲ ರೈತರೇ ಕಟ್ಟಿಕೊಂಡ ಕಾವಲು ಪಡೆಯಾದ ರೊಂಡವೇ ಪೊಲೀಸು, ರೊಂಡವೇ ಕೋರ್ಟು. ದನ ಕದ್ದವನಿರಲಿ, ಇನ್ನೊಬ್ಬನ ಹೆಂಡತಿಯ ಹಿಂದೆ ಬಿದ್ದವನಿರಲಿ, ಅವರ ಕೈಗೆ ಸಿಕ್ಕರೆ 'ಸರಪಳಿ'ಗೆ ಬೀಳುತ್ತಿದ್ದ: ಒಂದು ಹಳ್ಳಿಯ ಕಾವಲು ಪಡೆ ಅವನನ್ನು ಇನ್ನೊಂದು ಹಳ್ಳಿಯ ಪಡೆಗೆ ಒಪ್ಪಿಸುವುದು, ಅವರು ಮತ್ತೊಂದಕ್ಕೆ. ಬರಿಗಾಲಲ್ಲಿ ನಡೆಯಬೇಕು, ಹಗಲು ಅವರ ಹೊಲದಲ್ಲಿ ದುಡಿಯಬೇಕು, ಬೆಳಗಿನ ಜಾವ ಮೇಲಿನ ಸರೋವರದ ನೀರಿನಲ್ಲಿ ಮುಳುಗೇಳಬೇಕು. ಕೊನೆಗೆ ಎಲ್ಲ ಹಳ್ಳಿಗಳ ಸಭೆ. ಸಭೆಯಲ್ಲಿ ಚಾಟಿ.

"ಗುರುವಾರ ತಾವು ಧರ್ಮತಂದೆ ಆಗಿರೋ ಹುಡುಗನ ಮೊದಲ ಕೂದಲು ಕತ್ತರಿಸೋ ಶಾಸ್ತ್ರ ಅಂತ ಮೇಲೆ ಹೋಗಿದ್ರು," ಎಂದಳು ಎರ್ಮೆಲಿಂದಾ. "ಕತ್ತರಿ ಕೈಯಲ್ಲಿರೋವಾಗಲೇ ಹಿಡಿದ್ರಂತೆ. ಕಾಲುವೆ ದುಡ್ಡು ತಿಂದಿದಾನೆ ಅಂತ. ನಾನು ನಿನ್ನೆ ಹೋದೆ. ಹೆಂಡತಿ ಮಾತು ಸಾಕ್ಷಿ ಅಲ್ಲ ಅಂದ್ರು. ನಿಮಗೆ ಯಾರು ಹೇಳಿದ್ದು ತಿಂದಿದಾರೆ ಅಂತ, ಅಂತ ಕೇಳಿದೆ. ಎದಿಲ್ಬೆರ್ತೊ ಎದ್ದು ನಿಂತು ಏನಂದ ಗೊತ್ತಾ? 'ನಮ್ಮ ಟೀಚರು ಕಲಿಸಿದಾರೆ' ಅಂದ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ದೊರಾಲಿಸಾಗೆ ಅಷ್ಟು ಭಯವಾಗುತ್ತಿರಲಿಲ್ಲ.

ಎದಿಲ್ಬೆರ್ತೊ ಕಿಲಿಚೆ ಅವಳ ತರಗತಿಯ ಮೊದಲ ಬೆಂಚಿನ ವಿದ್ಯಾರ್ಥಿ. ಐವತ್ತು ದಾಟಿದ ರೈತ, ತನ್ನ ಹಳ್ಳಿಯ ರೊಂಡಕ್ಕೆ ಕಾರ್ಯದರ್ಶಿ; ವಯಸ್ಸಿಗೆ ಮರ್ಯಾದೆ ಕೊಟ್ಟು ಅವಳು ಅವನನ್ನು 'ದೋನ್' ಎಂದೇ ಕರೆಯುತ್ತಿದ್ದಳು. ವರ್ಷಕ್ಕೊಮ್ಮೆ ಪುರಸಭೆಯಲ್ಲಿ ಬಜೆಟ್ ಸಭೆ ನಡೆಯುವಾಗ ಹಳ್ಳಿಗಳ ಪ್ರತಿನಿಧಿಗಳೂ ಕೂರಬೇಕೆಂದು ಕಾನೂನಿದೆ. ಕೂತವರಿಗೆ ಅಲ್ಲಿ ಮಾತಾಡುವುದು ಏನೂ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ಸಂಜೆ ಪ್ರಾಥಮಿಕ ಶಾಲೆಯ ಕೋಣೆಯಲ್ಲಿ ಸರ್ಕಾರಿ ಬಜೆಟ್ಟಿನ ತರಗತಿ ಶುರುವಾಗಿತ್ತು. ಮಕ್ಕಳ ಪುಟ್ಟ ಬೆಂಚುಗಳಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕೂತು, ಹ್ಯಾಟು ತೊಡೆಯ ಮೇಲಿಟ್ಟುಕೊಂಡು, ಎದಿಲ್ಬೆರ್ತೊ ಅವಳು ಬರೆದದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದ. ಅವಳು ಕೆಮ್ಮಿದರೆ ಅದನ್ನೂ ಬರೆದುಕೊಂಡಾನು ಎಂದು ಉಳಿದವರು ನಗುತ್ತಿದ್ದರು.

ಏನು ಕಲಿಸಿದ್ದು ಎಂದು ಅವಳು ನೆನಪಿಸಿಕೊಳ್ಳಬೇಕಾಗಿರಲಿಲ್ಲ. ಅದು ಹಂಡೆಯ ಪಾಠ.

ಆ ಸಂಜೆ ತರಗತಿ ತೂಕಡಿಸುತ್ತಿತ್ತು. ಮಂಜೂರಾದ ಮೊತ್ತ, ಪರಿಷ್ಕೃತ ಮೊತ್ತ, ವೆಚ್ಚವಾದ ಮೊತ್ತ ಎಂದು ಅವಳು ಹೇಳುತ್ತಿದ್ದಂತೆ ಒಂದೊಂದೇ ತಲೆ ಬಾಗುತ್ತ ಬಂತು. ಹಗಲು ಔಷಧಿ ಅಂಗಡಿಯಲ್ಲಿ ನಿಂತು ದುಡಿದು, ಸಂಜೆ ಕಾಲೇಜಿನಲ್ಲಿ ಓದಿ ಪಾಸಾದವಳು ಅವಳು. ಯಾವತ್ತೋ ಒಂದು ದಿನ ಯಾರಾದರೂ ಒಳಗೆ ಬಂದು 'ನೀವು ನಿಜವಾದ ಟೀಚರಲ್ಲ, ಇಳಿಯಿರಿ' ಎನ್ನುತ್ತಾರೆಂಬ ಅಂಜಿಕೆ ಅವಳಿಗೆ ಇದ್ದೇ ಇತ್ತು. ಗಾಬರಿಯಾಗಿ ಹಲಗೆಯ ಮೇಲೆ ದೊಡ್ಡದೊಂದು ಹಂಡೆ ಬರೆದಳು.

"ಊರಿನೋರೆಲ್ಲ ಸೇರಿ ಕಾಲುವೆ ಹೂಳು ತೆಗೆಯೋ ದಿನ ಹಂಡೇಲಿ ಅಡುಗೆ ಮಾಡ್ತೀರಲ್ಲ, ಬಜೆಟ್ ಅಂದ್ರೆ ಅದೇ. ಹಂಡೇಲಿ ಎಷ್ಟಿತ್ತು? ತಟ್ಟೆಗೆ ಎಷ್ಟು ಬಂತು? ನಡುವೆ ಕಾಣೆಯಾಗಿದ್ದು ಯಾರದೋ ಹೊಟ್ಟೆ ಸೇರಿದೆ ಅಂತ ತಾನೇ ಅರ್ಥ?"

ಇಡೀ ತರಗತಿ ನಕ್ಕಿತ್ತು. ಮೊದಲ ಸಲ, ಅವಳನ್ನು ನೋಡಿ ಅಲ್ಲ, ಅವಳ ಜೊತೆ. ಆ ನಗು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ, 'ಹಂಡೆ ಅನ್ನೋದು ಸುಲಭಕ್ಕೆ ಹೇಳಿದ್ದು, ನಿಜವಾಗಿ ಹಾಗಲ್ಲ' ಎಂಬ ಮಾತನ್ನು ಮುಂದಿನ ಪಾಠಕ್ಕೆ ಎತ್ತಿಟ್ಟಳು. ಮುಂದಿನ ವಾರ ಕಾರ್ನಿವಲ್ ಬಂತು. ಶಾಲೆಯ ಕೋಣೆಯಲ್ಲಿ ವೇಷದ ಬಟ್ಟೆಗಳನ್ನು ತುಂಬಿದರು, ಊರೆಲ್ಲ ಒಬ್ಬರ ಮೇಲೊಬ್ಬರು ನೀರು ಬಣ್ಣ ಎರಚಿಕೊಂಡು ತಿರುಗಿದರು, ಪಾಠ ನಿಂತಿತು. ಎದಿಲ್ಬೆರ್ತೊ ಮಾತ್ರ ಅವಳೇ ತೋರಿಸಿಕೊಟ್ಟಂತೆ ಫೋನಿನಲ್ಲಿ ಸರ್ಕಾರದ ಪುಟ ತೆರೆದ. ತನ್ನ ಹಳ್ಳಿಯ ಕಾಲುವೆಗೆ ಹೋದ ವರ್ಷ ಎಷ್ಟು ಇಟ್ಟಿದ್ದರು, ಎಷ್ಟು ಖರ್ಚಾಯಿತು ನೋಡಿದ. ಅರ್ಧವೂ ಖರ್ಚಾಗಿರಲಿಲ್ಲ. ಕಾಲುವೆ ಗುಡ್ಡದ ಮಧ್ಯಕ್ಕೆ ಬಂದು ನಿಂತಿತ್ತು. ಹಂಡೆ ಕಾಯುವವನು ಯಾರು ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬರ್ತೀರಾ?" ಎಂದಳು ಎರ್ಮೆಲಿಂದಾ.

ಜ್ವರ ಎನ್ನಬಹುದಿತ್ತು. ನಿಜವಾಗಿಯೂ ಮೈ ಬಿಸಿಯಾಗಿತ್ತು. ಅರ್ನುಲ್ಫೊ ಅವಳಿಗೆ ಯಾವ ಉಪಕಾರವನ್ನೂ ಮಾಡಿದವನಲ್ಲ. ಪುರಸಭೆಯ ಕಚೇರಿಗೆ ಹೋದಾಗಲೆಲ್ಲ "ಬಂದ್ರಾ ಟೀಚರಮ್ಮನೋರು" ಎಂದು ರಾಗ ಎಳೆಯುತ್ತಿದ್ದ. ಒಮ್ಮೆ ಎಲ್ಲರೆದುರು, "ರಾತ್ರಿ ಶಾಲೇಲಿ ಓದಿದೋರು ರಾತ್ರಿ ಶಾಲೇಲೇ ಪಾಠ ಮಾಡ್ಬೇಕು, ಹಗಲು ಬೆಳಕಲ್ಲಿ ನಿಂತ್ರೆ ಕಣ್ಣು ಚುಚ್ಚುತ್ತೆ" ಎಂದಿದ್ದ. ಆ ಮಾತು ನೆನಪಾದ ಕೂಡಲೇ, ತಾನು ಹೋಗದಿರಲು ಅದೊಂದು ಕಾರಣವಾಗಿಬಿಡುತ್ತದೆ ಎಂದು ಅವಳಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು. ಶಾಲು ಎಳೆದುಕೊಂಡು ಹೊರಟಳು.

ಹಾಲು ತರುವ ಲಾರಿ ಅವರನ್ನು ರಸ್ತೆ ಮುಗಿಯುವಲ್ಲಿ ಇಳಿಸಿತು. ಎರ್ಮೆಲಿಂದಾ ಅಲ್ಲೇ ನಿಂತಳು. ಮೇಲೆ ಕಾಲಿಟ್ಟರೆ ನಿನ್ನನ್ನೂ ಕೂರಿಸಿಕೊಳ್ಳುತ್ತೇವೆ ಎಂದಿದ್ದರಂತೆ. "ಇದನ್ನ ಕೊಡಿ ಅವರಿಗೆ," ಎಂದು ಬೂಟುಗಳನ್ನು ದೊರಾಲಿಸಾಳ ಕೈಗಿಟ್ಟಳು. ದೊರಾಲಿಸಾ ಯೋಚಿಸದೆ ತೆಗೆದುಕೊಂಡಳು. ಯೋಚಿಸಬೇಕಿತ್ತು.

ಏರಿನುದ್ದಕ್ಕೂ ಅವಳು ಹೇಳಬೇಕಾದ ಮಾತನ್ನು ಜೋಡಿಸುತ್ತ ಹೋದಳು. ಬಜೆಟ್ ಅಂದರೆ ಹಣವಲ್ಲ, ಖರ್ಚು ಮಾಡಲು ಸಿಕ್ಕ ಅನುಮತಿ. ಅನುಮತಿಗೆ ಅವಧಿ ಇರುತ್ತದೆ. ವರ್ಷ ಮುಗಿದರೆ ಅದೂ ಮುಗಿಯಿತು. ಹಣ ಊರಿಗೆ ಬಂದೇ ಇರುವುದಿಲ್ಲ, ಬಾರದ ಹಣವನ್ನು ಯಾರೂ ತಿನ್ನಲಾರರು. ಎಷ್ಟು ಸರಳ! ಮತ್ತೆ ಮತ್ತೆ ಹೇಳಿಕೊಂಡಳು. ಹೇಳಿಕೊಂಡಷ್ಟೂ ಅದು ಕಳ್ಳನನ್ನು ಬಿಡಿಸಲು ಬಂದ ವಕೀಲನ ಮಾತಿನಂತೆ ಕೇಳತೊಡಗಿತು.

ಸಭೆ ಸೇರಿದ್ದು ಬಯಲಿನಲ್ಲಿ. ಪೊಂಚೊ ಕಂಬಳಿ ಹೊದ್ದ ಗಂಡಸರು, ಅಗಲ ಅಂಚಿನ ಹುಲ್ಲಿನ ಹ್ಯಾಟುಗಳು, ಹೆಗಲ ಮೇಲೆ ಸುತ್ತಿಟ್ಟ ಚಾಟಿಗಳು. ಹೆಂಗಸರು ಒಂದು ಪಕ್ಕದಲ್ಲಿ ನಿಂತು, ಕಿವಿ ಸಭೆಯ ಕಡೆ, ಬೆರಳು ಕದಿರಿನ ಕಡೆ ಇಟ್ಟು ಉಣ್ಣೆ ನೂಲುತ್ತಿದ್ದರು. ನಡುವೆ ಅರ್ನುಲ್ಫೊ ನಿಂತಿದ್ದ. ಬರಿಗಾಲು, ಮಂಡಿಯವರೆಗೆ ಒದ್ದೆಯಾದ ಪ್ಯಾಂಟು. ಕೋಟಿನ ಮೇಲೆ ಕೂದಲು ಕತ್ತರಿಸುವ ಶಾಸ್ತ್ರದಲ್ಲಿ ಚುಚ್ಚಿದ ಗುಲಾಬಿ ರಿಬ್ಬನ್ನು ಇನ್ನೂ ಇತ್ತು. ಅದನ್ನು ಕೀಳಲು ಯಾರಿಗೂ ತೋಚಿರಲಿಲ್ಲ, ಅವನಿಗೂ ತೋಚಿರಲಿಲ್ಲ. ರಾಗ ಎಳೆದು ಮಾತಾಡುತ್ತಿದ್ದ ಆ ಬಾಯಿ ನೀಲಿಗಟ್ಟಿತ್ತು.

ಚರ್ಚೆ ನಡೆಸಲು ಆಗಷ್ಟೇ ಕೈಯೆತ್ತಿ ಅಧ್ಯಕ್ಷನನ್ನು ಆರಿಸಿದ್ದರು. ಕಸ್ತಿನಾಲ್ದೊ ಇನ್ಫಾಂತೆ, ಬೆಳ್ಳಿ ಹಲ್ಲಿನ ದಪ್ಪ ಮನುಷ್ಯ. ಅವನು ಕೊಡದೆ ಯಾರಿಗೂ ಮಾತಿಲ್ಲ. ದೊರಾಲಿಸಾ ಕೈಯೆತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು.

ಅವಳನ್ನು ಮೊದಲು ಕಂಡವನು ಎದಿಲ್ಬೆರ್ತೊ. ಅವನ ಮುಖ ಅರಳಿತು. ಅದನ್ನು ನೋಡಿ ಅವಳಿಗೆ ತಿರುಗಿ ಹೋಗಿಬಿಡಬೇಕೆನಿಸಿತು.

"ಅಧ್ಯಕ್ಷರೇ, ನಮ್ ಟೀಚರು ಬಂದವ್ರೆ!" ಎಂದು ಕೂಗಿದ. "ಅವ್ರಿಗೆ ಮಾತು ಕೊಡಿ. ನಾನ್ ಹೇಳಿದ್ದು ಸುಳ್ಳಾ ನಿಜವಾ ಅವ್ರ ಬಾಯಿಂದ್ಲೇ ಕೇಳಿ."

"ಬನ್ನಿ ಟೀಚರಮ್ಮ," ಎಂದ ಕಸ್ತಿನಾಲ್ದೊ. "ಹಂಡೆ ಪಾಠ ನಮ್ಗೂ ಒಸಿ ಹೇಳಿ. ಈ ಖಜಾಂಚಿ ಮೂರ್ ದಿನದಿಂದ ಬಾಯೇ ಬಿಡ್ತಿಲ್ಲ."

ಅವಳು ಮುಂದೆ ನಡೆದಳು. ಎಲ್ಲರ ಕಣ್ಣು ತನ್ನ ಕೈಯ ಮೇಲಿದೆ ಎಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು.

"ಅದೇನು, ಆ ಯಪ್ಪನ ಬೂಟ್ ಹೊತ್ಕಂಡ್ ಬಂದೌಳೆ?" ಎಂದಿತು ಹಿಂದಿನಿಂದ ಒಂದು ಗಂಡು ದನಿ. ನಗು ಎದ್ದಿತು. ಒಳ್ಳೆಯ ನಗುವಲ್ಲ.

"ಬೂಟ್ ಹೊರೋಷ್ಟು ಸಂಬಂಧ ಐತಾ?"

"ಅದ್ರದ್ದೂ ಒಂದ್ ವಿಚಾರಣೆ ಆಗ್ಲಿ ಅಧ್ಯಕ್ಷರೇ!"

"ಅವರ ಹೆಂಡತಿ ಕೊಟ್ಟಿದ್ದು," ಎಂದಳು ದೊರಾಲಿಸಾ. ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಬೂಟುಗಳನ್ನು ಕೆಳಗಿಟ್ಟಳು. ಇಟ್ಟದ್ದು ಅರ್ನುಲ್ಫೊನ ಕಾಲ ಬಳಿ. ಅದು ಇನ್ನಷ್ಟು ಕೆಟ್ಟದಾಗಿ ಕಂಡಿತು. ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಬಾಯಿಂದ ಬಂದದ್ದು ಇಷ್ಟೇ:

"ನಾನು ತಪ್ಪು ಹೇಳಿಕೊಟ್ಟೆ."

ಕದಿರುಗಳು ನಿಂತವು.

"ದೋನ್ ಎದಿಲ್ಬೆರ್ತೊ ಸುಳ್ಳು ಹೇಳಿಲ್ಲ. ನಾನು ಹೇಳಿಕೊಟ್ಟಿದ್ದನ್ನೇ ಹೇಳಿದಾರೆ. ಆದ್ರೆ ಬಜೆಟ್ ಅಂದ್ರೆ ಹಂಡೆ ಅಲ್ಲ. ಅದನ್ನ ಆಮೇಲೆ ಹೇಳೋಣ ಅಂತಿದ್ದೆ. ಕಾರ್ನಿವಲ್ ಬಂತು…"

"ಕಾರ್ನಿವಲ್ ಬಂತಂತೆ!"

"ಎಷ್ಟ್ ಕೊಟ್ಟ ಇವ್ನು ನಿಂಗೆ?"

"ಕಾಲುವೆ ದುಡ್ಡಲ್ಲೇ ಕೊಟ್ಟಿರ್ತಾನೆ ಬಿಡು!"

ಗಂಡಸರ ಸಾಲು ಒಂದು ಹೆಜ್ಜೆ ಮುಂದೆ ಬಂತು. ಯಾರದೋ ಹೆಗಲಿಂದ ಚಾಟಿ ಜಾರಿ ಅದರ ತುದಿ ಅವಳ ಲಂಗದ ಅಂಚಿಗೆ ತಾಗಿತು. ಬೇಕೆಂದು ತಾಗಿಸಿದ್ದೋ ತಾನಾಗಿ ತಾಗಿದ್ದೋ ತಿಳಿಯಲಿಲ್ಲ. ಅವಳು ಎದಿಲ್ಬೆರ್ತೊನ ಕಡೆ ನೋಡಿದಳು. ಅವನು ಕೂಗುತ್ತಿರಲಿಲ್ಲ. ಮೊದಲ ಬೆಂಚಿನಲ್ಲಿ ಕೂತಾಗ ಮಾಡುವಂತೆ ಹ್ಯಾಟು ತೆಗೆದು ಎದೆಗೆ ಹಿಡಿದಿದ್ದ. ಆ ಮುಖವನ್ನು ನೋಡಲಾರದೆ ಅವಳು ಕಣ್ಣು ತಗ್ಗಿಸಿದಳು.

ಕೆಳಗೆ ನೀರು ಹರಿಯುತ್ತಿತ್ತು. ಬಯಲಿನ ಅಂಚಿನಲ್ಲಿ ಒಂದು ಸಣ್ಣ ಮಣ್ಣಿನ ಕಾಲುವೆ, ಒಂದು ಗೇಣು ಅಗಲ. ಸಭೆಗೆ ಬಂದವರೆಲ್ಲ ಅದನ್ನು ದಾಟಿಯೇ ಬಂದಿದ್ದರು.

"ಈ ನೀರು ಇವತ್ತು ಯಾರದು?" ಎಂದು ಕೇಳಿದಳು.

ಯಾಕೆ ಕೇಳಿದಳೋ ಅವಳಿಗೇ ತಿಳಿದಿರಲಿಲ್ಲ. ಆದರೆ ನೀರಿನ ಸರದಿ ಕೇಳಿದರೆ ಅಲ್ಲಿ ಯಾರಾದರೂ ಉತ್ತರ ಕೊಟ್ಟೇ ಕೊಡುತ್ತಾರೆ.

"ಇವತ್ತು ಚಿಲೋನ್ ಮನೆಯೋರದ್ದು. ಮಧ್ಯಾಹ್ನದ ಗಂಟ."

"ಅವರು ಮಲಗಿಬಿಟ್ರೆ? ಗದ್ದೆ ಮಡೆ ತೆಗೀಲೇ ಇಲ್ಲ ಅಂದ್ರೆ?"

"ಕೆಳ್ಗಿನೋರಿಗೆ ಹೋಯ್ತದೆ."

"ನಾಳೆ ಬಂದು, ನನ್ನ ನಿನ್ನೆ ನೀರು ಕೊಡಿ ಅಂದ್ರೆ?"

"ಒದೆ ಕೊಡ್ತೀವಿ!" ಎಂದ ಯಾರೋ. ಈ ಸಲದ ನಗು ಸ್ವಲ್ಪ ಬೇರೆಯಾಗಿತ್ತು.

"ಹಾಗಾದ್ರೆ ನೀರು ಕದ್ದಿದ್ದು ಯಾರು?"

ಈಗ ಅವಳಿಗೆ ಮಾತು ಬಂತು, ತರಗತಿಯಲ್ಲಿ ಬರುವ ಹಾಗೆ.

"ಬಜೆಟ್ ಅಂದ್ರೆ ಹಂಡೆ ಅಲ್ಲ. ಸರದಿ. ಈ ವರ್ಷ ಇಷ್ಟು ಖರ್ಚು ಮಾಡಬಹುದು ಅಂತ ಸರದಿ ಕೊಡ್ತಾರೆ. ಡಿಸೆಂಬರ್ ಮುಗಿಯೋದ್ರೊಳಗೆ ಮಡೆ ತೆಗೆದು ಹಾಯಿಸ್ಕೊಂಡ್ರೆ ನಮ್ಮದು. ಇಲ್ಲಾಂದ್ರೆ ನೀರು ಮುಂದಕ್ಕೆ ಹೋಗುತ್ತೆ. ದೋನ್ ಎದಿಲ್ಬೆರ್ತೊ ಫೋನಲ್ಲಿ ನೋಡಿದ್ದು ಹಾಯಿಸ್ಕೊಳ್ಳದೆ ಬಿಟ್ಟ ನೀರು. ಅದನ್ನ ಈ ಮನುಷ್ಯ ಕುಡಿದಿಲ್ಲ. ಕುಡಿಯೋಕೆ ಇಲ್ಲಿಗೆ ಬಂದೇ ಇಲ್ಲ."

ಹ್ಯಾಟುಗಳು ಒಂದರ ಕಡೆ ಒಂದು ವಾಲಿದವು. ಗುಸುಗುಸು ಎದ್ದಿತು. ಕಸ್ತಿನಾಲ್ದೊ ಬೆಳ್ಳಿ ಹಲ್ಲನ್ನು ನಾಲಿಗೆಯಿಂದ ಒತ್ತುತ್ತ ನಿಂತಿದ್ದ.

"ಸರಿ," ಎಂದ ಕೊನೆಗೆ. "ಕದ್ದೋರಿಲ್ಲ. ಹಂಗಾದ್ರೆ ಮಲಗಿದ್ದೋರ್ ಯಾರು? ಹೇಳಿ ಟೀಚರಮ್ಮ. ಅವ್ನನ್ನ ನಿಲ್ಸಾಣ ಇಲ್ಲಿ."

ಒಬ್ಬನನ್ನು ಬಿಡಿಸಲು ಹೋಗಿ ಇನ್ನೊಬ್ಬನನ್ನು ಎಳೆದು ತಂದಳೆ? ಎಂಜಿನಿಯರನೋ, ಮೇಯರನೋ, ಯಾವ ಹೆಸರು ತನ್ನ ಬಾಯಿಂದ ಬಿದ್ದರೂ ನಾಳೆ ಅವನ ಬೂಟು ಮನೆಗೆ ಹೋಗುತ್ತದೆ. "ನನಗೆ ಗೊತ್ತಿಲ್ಲ," ಎಂದಳು. ಅದು ನಿಜವಾಗಿತ್ತು. ನಿಜವೆಂದು ಯಾರೂ ನಂಬಲಿಲ್ಲ. ಅರ್ನುಲ್ಫೊ ನೆಲ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು; ಹೇಳುವ ಧೈರ್ಯವಿರಲಿಲ್ಲ.

ಆಗ ಹೆಂಗಸರ ಕಡೆಯಿಂದ ಒಂದು ಕದಿರು ಮೇಲೆದ್ದಿತು. ತೊಮಾಸಾ ಮುದುಕಿ. ಕೈಯೆತ್ತಿದ್ದಳು, ಕದಿರು ಕೈಯಲ್ಲೇ ಇತ್ತು.

"ಮಾತು ಕೊಡ್ತೀಯೇನಪ್ಪ?"

"ಹೇಳ್ ಅಜ್ಜಿ."

"ಯಾರೂ ಮಲಗಿರ್ಲಿಲ್ಲ ಕಣೋ ಕಸ್ತಿನಾಲ್ದೊ. ಗೂಟ ಕೀಳ್ತಿದ್ವಿ."

ಅಧ್ಯಕ್ಷನ ಬಾಯಿ ಮುಚ್ಚಿಕೊಂಡಿತು.

"ಪ್ಯಾಟೆಯಿಂದ ಅಳತೆ ಹುಡುಗ್ರು ಬಂದು ಕಾಲುವೆ ಹೋಗೋ ದಾರೀಗೆ ಗೂಟ ಹೊಡ್ದ್ರು. ಗೂಟ ಬಿದ್ದಿದ್ದು ನಿನ್ ಆಲೂಗಡ್ಡೆ ಹೊಲದಾಗೆ. ನೀನು ಅತ್ತು ಕರೆದು ಮಾಡ್ದೆ. ನಾವೆಲ್ಲಾ ಹೋಗಿ ಕಿತ್ತ್ ಬಿಸಾಕಿದ್ವಿ. ಮತ್ತೆ ಬಂದ್ರು, ಮತ್ತೆ ಕಿತ್ವಿ. ಆಮ್ಯಾಕೆ ಅವ್ರು ಬರ್ಲೇ ಇಲ್ಲ. ನಾನೂ ಎರಡ್ ಕಿತ್ತೆ. ಕೋಳಿ ಗೂಡಿಗೆ ಹಾಕಿವ್ನಿ. ಒಳ್ಳೆ ಗಟ್ಟಿ ಮರ."

ಹೆಂಗಸರಲ್ಲಿ ಒಬ್ಬಳು ಶಾಲಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ನಗು ಬಯಲಿಗೆಲ್ಲ ಹಬ್ಬಿತು. ಕಸ್ತಿನಾಲ್ದೊ ನಗಲಿಲ್ಲ. ಆದರೆ ತಾನು ಅಧ್ಯಕ್ಷನೆಂಬುದನ್ನು ಮರೆಯಲೂ ಇಲ್ಲ. ಕೈಯೆತ್ತಿಸಿ ಕೇಳಿದ: ಖಜಾಂಚಿಯನ್ನು ಬಿಡುವುದೆ? ಕೈಗಳು ಎದ್ದವು. ಎಲ್ಲವೂ ಅಲ್ಲ, ಸಾಕಾಗುವಷ್ಟು.

ಅರ್ನುಲ್ಫೊ ರೂಢಿಯಂತೆ ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರ ಕೈ ಹಿಡಿದು 'ನನಗೆ ದ್ವೇಷವಿಲ್ಲ' ಎಂದು ಹೇಳಬೇಕಾಯಿತು. ಎದಿಲ್ಬೆರ್ತೊನ ಮುಂದೆ ಬಂದಾಗ ಇಬ್ಬರೂ ಬೇರೆ ಕಡೆ ನೋಡುತ್ತ ಕೈ ಕುಲುಕಿದರು.

"ಇನ್ನು ಟೀಚರಮ್ಮಂದು," ಎಂದ ಕಸ್ತಿನಾಲ್ದೊ. "ತಪ್ ಹೇಳ್ಕೊಟ್ಟೆ ಅಂತ ತಾವೇ ಒಪ್ಪವ್ರೆ. ಒಪ್ಪಿದ್ ಮ್ಯಾಲೆ ಸುಮ್ನೆ ಬಿಡೋ ಪದ್ಧತಿ ಇಲ್ಲ. ಇವ್ರಿಗೂ ಸರಪಳಿ. ವಾರಕ್ಕೊಂದ್ ಹಳ್ಳಿ. ಅಲ್ಲಿ ಬಂದು ಬಜೆಟ್ಟಿನ ಪಾಠ ಪೂರ್ತಿ ಹೇಳ್ಬೇಕು, ಅರ್ಧ ಅಲ್ಲ. ಬೂಟ್ ಹಾಕ್ಕೊಂಡೇ ಬರ್ಲಿ. ಶನಿವಾರ ಮೊದಲ್ನೇದು, ಎದಿಲ್ಬೆರ್ತೊ ಹಳ್ಳೀಲಿ."

ಎಲ್ಲರೂ ಆಲೂಗಡ್ಡೆ ಬೇಯುತ್ತಿದ್ದ ಒಲೆಯ ಕಡೆ ಹೊರಟರು. ಎದಿಲ್ಬೆರ್ತೊ ಅವಳ ಹತ್ತಿರ ಬಂದ. ಹ್ಯಾಟು ಇನ್ನೂ ಕೈಯಲ್ಲೇ ಇತ್ತು.

"ಟೀಚರ್."

"ಹೇಳಿ ದೋನ್ ಎದಿಲ್ಬೆರ್ತೊ."

"ಆ ಮನುಷ್ಯನ್ನ ನಾನೇ ನೀರಿಗೆ ಇಳಿಸ್ದೆ. ಚಳಿ ಅಂದ್ರೆ ಅಂತಿಂಥ ಚಳಿ ಅಲ್ಲ. ಅಳ್ತಿದ್ದ." ಆಮೇಲೆ ಕೇಳಿದ: "ನೀವ್ ಹೇಳ್ಕೊಟ್ಟಿದ್ರಲ್ಲಿ ಇನ್ನೂ ಯಾವ್ಯಾವ್ದು ಅರ್ಧ ಐತೆ?"

ಅವನು ಹಂಗಿಸುತ್ತಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದ. "ಶನಿವಾರ ಬರ್ತೀನಿ," ಎಂದಷ್ಟೇ ಹೇಳಿ ಇಳಿಜಾರಿನ ಕಡೆ ತಿರುಗಿದಳು.

ಅರ್ನುಲ್ಫೊ ಮುಂದೆ ಕುಂಟುತ್ತ ಇಳಿಯುತ್ತಿದ್ದ. ಒಂದು ಬಂಡೆಯ ಮೇಲೆ ಕೂತು ಬೂಟು ಹಾಕಿಕೊಳ್ಳಲು ನೋಡಿದ. ಪಾದ ಊದಿಕೊಂಡು ಒಳಗೆ ಹೋಗಲಿಲ್ಲ. ಲೇಸುಗಳನ್ನು ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡ. ಅವನು ಕೃತಜ್ಞತೆ ಹೇಳುತ್ತಾನೇನೋ ಎಂದು ಅವಳಿಗೆ ಮುಜುಗರವಾಗುತ್ತಿತ್ತು. ಅವನು ಹೇಳಲಿಲ್ಲ.

"ಸರದಿ ನೀರು ಅಂದ್ರಿ," ಎಂದ. "ಚೆನ್ನಾಗಿತ್ತು. ನಂಗೂ ಹೊಳೆದಿರಲಿಲ್ಲ. ಆದ್ರೆ ಟೀಚರಮ್ಮನೋರೇ, ಎಲ್ಲಾ ನೀರೂ ಸರದಿ ನೀರಲ್ಲ."

ಅವಳು ನಿಂತಳು.

"ದುಡ್ಡು ಎಲ್ಲಿಂದ ಬಂತು ಅಂತ ನೀವು ಕೇಳಲೇ ಇಲ್ಲ. ನಿಮ್ಮ ತರಗತೀಲಿ ಅದನ್ನ ಕಲಿಸಲ್ವಾ? ಕಾಲುವೆಗೆ ಅರ್ಧ ರಾಜಧಾನಿ ಲಿಮಾದ ಖಜಾನೆಯಿಂದ. ಅದರಲ್ಲಿ ಉಳಿದಿದ್ದು ನೀವಂದ ಹಾಗೆ ಡಿಸೆಂಬರಿಗೆ ಹೋಯ್ತು. ಇನ್ನರ್ಧ ಗಣಿ ತೆರಿಗೇಲಿ ನಮ್ಮ ಊರಿಗೆ ಬರೋ ಪಾಲು. ಅದು ಕೊಳದ ನೀರು. ಹಾಯಿಸದೆ ಇದ್ರೆ ಎಲ್ಲಿಗೂ ಹೋಗಲ್ಲ, ಅಲ್ಲೇ ನಿಂತಿರುತ್ತೆ. ಪುರಸಭೆ ಖಾತೇಲಿ ಹಾಗೇ ಇದೆ, ಒಂದು ಕಾಸೂ ಕದಲಿಲ್ಲ."

"ಇದೆಯಾ?" ಎಂದಳು. "ಮೇಲೆ ಯಾಕೆ ಹೇಳಲಿಲ್ಲ?"

"ಚಾಟಿ ಹಿಡಿದೋರ ಮುಂದೆ ನಿಂತು, ದುಡ್ಡು ನನ್ನ ಹತ್ತಿರಾನೇ ಇದೆ ಅಂತ ಹೇಳಬೇಕಿತ್ತಾ?" ಅವನು ನಗಲು ನೋಡಿದ, ಹಲ್ಲು ಕಟಕಟಿಸಿತು. "ಬುಧವಾರ ಕೌನ್ಸಿಲ್ ಸಭೆ ಇದೆ. ಕಾಲುವೆ ಯಾರಿಗೂ ಬೇಡವಲ್ಲ, ಗೂಟ ಕಿತ್ತು ಹಾಕಿದಾರೆ ಅಂತ, ಆ ದುಡ್ಡನ್ನ ಚೌಕದ ಕಾರಂಜಿಗೆ ಹಾಕ್ತಾರೆ. ಕಾನೂನಿನ ಪ್ರಕಾರವೇ. ಮೇಯರ್‌ಗೆ ದೀಪ ಇರೋ ಕಾರಂಜಿ ಬೇಕಂತೆ."

ಶನಿವಾರಕ್ಕಿಂತ ಮೊದಲು ಬುಧವಾರ ಬರುತ್ತದೆ. ಅಷ್ಟು ಲೆಕ್ಕಕ್ಕೆ ಹಲಗೆ ಬೇಕಾಗಿರಲಿಲ್ಲ.

"ನಾನು ಅವರಿಗೆ ಹೇಳಿದ್ರೆ?"

ಅರ್ನುಲ್ಫೊ ತನ್ನ ಊದಿದ ಪಾದಗಳನ್ನು ನೋಡಿಕೊಂಡ. "ಹೇಳಿ," ಎಂದ. ದನಿಯಲ್ಲಿ ರಾಗವಿರಲಿಲ್ಲ. "ಆದ್ರೆ ನಾನು ಮನೆ ಸೇರೋವರೆಗೆ ತಡೀರಿ. ದಯವಿಟ್ಟು. ಮತ್ತೆ ಆ ನೀರಿಗೆ ಇಳಿಯೋ ಶಕ್ತಿ ನಂಗಿಲ್ಲ."

ಕೆಳಗೆ ಎರ್ಮೆಲಿಂದಾ ಓಡಿ ಬಂದಳು. ಗಂಡನನ್ನು ತಬ್ಬಿಕೊಳ್ಳಲಿಲ್ಲ, ಅವನ ಕೋಟಿನ ರಿಬ್ಬನ್ನನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹಾಲಿನ ಲಾರಿಯ ಕ್ಯಾನುಗಳ ನಡುವೆ ಅವನನ್ನು ಹತ್ತಿಸಿ ಕೈಚಾಚಿದಳು. "ಹತ್ತಿ ಟೀಚರ್. ಇದು ಬಿಟ್ರೆ ಇವತ್ತು ಬೇರೆ ಗಾಡಿ ಇಲ್ಲ."

ದೊರಾಲಿಸಾ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು. ಮನೆ, ಕಂಬಳಿ, ಒಂದು ಲೋಟ ಬಿಸಿ ಚಹಾ. ನಾಳೆ ಫೋನ್ ಮಾಡಬಹುದು. ಆದರೆ ಮೇಲಿನ ಹಳ್ಳಿಗಳಲ್ಲಿ ಫೋನು ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಇಲ್ಲ. ಬುಧವಾರದ ಸಭೆಗೆ ಅವರು ಇಳಿದು ಬರಬೇಕೆಂದರೆ ಮೊದಲೇ ತಿಳಿಯಬೇಕು. ಎಲ್ಲ ಹಳ್ಳಿಯವರು ಒಟ್ಟಿಗೆ ಇರುವುದು ಇವತ್ತು, ಇನ್ನೊಂದು ತಾಸು, ಆ ಆಲೂಗಡ್ಡೆ ಮುಗಿಯುವವರೆಗೆ. ಈಗಷ್ಟೇ ದುಡ್ಡಿಲ್ಲ ಎಂದು ಹೇಳಿ ಬಂದವಳು ಈಗ ಹೋಗಿ ಇದೆ ಎಂದರೆ? ಎರಡು ಸಲ ತಪ್ಪು ಹೇಳಿಕೊಟ್ಟವಳಿಗೆ ಪದ್ಧತಿ ಏನು ಹೇಳುತ್ತದೆ? ಆ ಸಿಟ್ಟಿನಲ್ಲಿ ಇವರ ಮನೆಗೇ ನುಗ್ಗಿದರೆ?

ಕಾಲನ್ನು ಕೆಳಗಿಳಿಸಿದಳು.

"ಹೋಗಿ," ಎಂದಳು. "ಬಾಗಿಲು ಹಾಕ್ಕೊಳ್ಳಿ."

ಲಾರಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಳು, ಆಮೇಲೂ ಸ್ವಲ್ಪ ಹೊತ್ತು ನಿಂತಳು, ಅವರು ಪೇಟೆ ಮುಟ್ಟಲಿ ಎಂದು. ಅಥವಾ ಹಾಗೆಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಏರತೊಡಗಿದಳು. ಉಸಿರು ಸಾಲದೆ ಎರಡು ಸಲ ಕೂತಳು. ಎರಡು ಸಲವೂ ಹಿಂದಕ್ಕೆ ಹೋಗಬೇಕೆನಿಸಿತು.

ಬಯಲಿನಲ್ಲಿ ಜನ ಗುಂಪು ಗುಂಪಾಗಿ ಕೂತು ತಿನ್ನುತ್ತಿದ್ದರು. ಅವಳು ಸಣ್ಣ ಕಾಲುವೆಯನ್ನು ದಾಟಿ ಬರುವುದನ್ನು ಕಂಡು ಎದಿಲ್ಬೆರ್ತೊ ಎದ್ದು ನಿಂತ. ಅವನ ಕೈಯಲ್ಲಿ ಅರ್ಧ ಸಿಪ್ಪೆ ತೆಗೆದ ಆಲೂಗಡ್ಡೆಯಿತ್ತು.

"ಏನ್ ಟೀಚರ್, ಏನಾದ್ರೂ ಮರೆತ್ ಹೋದ್ರಾ?"

"ಹೌದು," ಎಂದಳು. "ನೀವು ಕೇಳಿದ್ರಲ್ಲ, ಇನ್ನೂ ಯಾವುದು ಅರ್ಧ ಇದೆ ಅಂತ."

ಅವನು ಅವಳ ಮುಖವನ್ನು ನೋಡಿದ. ಆಲೂಗಡ್ಡೆಯನ್ನು ಎಲೆಯ ಮೇಲಿಟ್ಟು, ಕೈ ಒರೆಸಿಕೊಂಡು, ಹ್ಯಾಟು ತೆಗೆದ. ಆಮೇಲೆ ಒಲೆಯ ಕಡೆ ತಿರುಗಿ ಜೋರಾಗಿ ಕೂಗಿದ:

"ಅಧ್ಯಕ್ಷರೇ! ಸಭೆ ಮುಗ್ದಿಲ್ಲ!"

ಬಾಯಿಗೆ ಹೋಗುತ್ತಿದ್ದ ಕೈಗಳು ಅಲ್ಲಲ್ಲೇ ನಿಂತವು. ಕಸ್ತಿನಾಲ್ದೊ ಮೆಲ್ಲಗೆ ಎದ್ದ, ಚಾಟಿಯನ್ನು ಹೆಗಲ ಮೇಲೆ ಸರಿಪಡಿಸಿಕೊಂಡ. ದೊರಾಲಿಸಾ ಕೈಯೆತ್ತಿದಳು. ಈ ಸಲ ಅವನು ಮಾತು ಕೊಡುವವರೆಗೆ ಅದನ್ನು ಇಳಿಸಲಿಲ್ಲ.